ಕಂಟೈನರ್ ಬಂದರಿನ ಸರಕು ಪಕ್ಕದ ಬಂದರಿಗೆ ಜಾರದಂತೆ ಹಿಡಿದಿಡುವುದು ಏನು? ದರವಾ, ಕ್ರೇನಾ, ಜಾಗವಾ?

ಲಂಗರು:
ಎಲ್ಲರಿಗೂ ನಮಸ್ಕಾರ. ನಾನು ಲಾಜಿಸ್ಟಿಕ್ಸ್ ಓದುತ್ತಿದ್ದೇನೆ. ದೊಡ್ಡ ಕಂಟೈನರ್ ಬಂದರು ಪೈಪೋಟಿಯಲ್ಲಿ ತನ್ನ ಸರಕನ್ನು ಹೇಗೆ ಉಳಿಸಿಕೊಳ್ಳುತ್ತದೆ ಅಂತ ಒಂದು ಪ್ರಬಂಧ ಬರೆಯಬೇಕು. ಕ್ಲಾಸಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ದರ ಇಳಿಸಬೇಕು, ದೊಡ್ಡ ಕ್ರೇನ್ ತರಬೇಕು, ಮುಗೀತು. ನನಗ್ಯಾಕೋ ಅದು ಅಷ್ಟು ಸಲೀಸು ಅನ್ನಿಸುತ್ತಿಲ್ಲ.

2000ದಲ್ಲಿ ಮೇರ್ಸ್ಕ್ ಅನ್ನೋ ದೊಡ್ಡ ಹಡಗು ಕಂಪನಿ ಸಿಂಗಾಪುರ ಬಿಟ್ಟು ಪಕ್ಕದ ಮಲೇಷ್ಯಾದ ತಂಜುಂಗ್ ಪೆಲೆಪಾಸ್ ಬಂದರಿಗೆ ಹೋಯಿತು. 2002ರಲ್ಲಿ ಇನ್ನೊಂದು ಹಡಗು ಕಂಪನಿ ಎವರ್‌ಗ್ರೀನ್ ಕೂಡ ಹಿಂದೆಯೇ ಹೊರಟಿತು. ಅಲ್ಲಿ ದರ ಕಡಿಮೆ ಇತ್ತು. ದರವೇ ಎಲ್ಲಾ ಆಗಿದ್ದರೆ ಸಿಂಗಾಪುರ ಇಷ್ಟೊತ್ತಿಗೆ ಸೊರಗಿ ಹೋಗಬೇಕಿತ್ತು. ಆದರೆ 2024ರಲ್ಲಿ ಅದು ನಿಭಾಯಿಸಿದ್ದು 4.1 ಕೋಟಿ ಟಿಇಯು (20 ಅಡಿ ಕಂಟೈನರಿನ ಲೆಕ್ಕದಲ್ಲಿ). ಶಾಂಘೈ ಬಿಟ್ಟರೆ ಅದೇ. ಇದು ಹೇಗೆ?

ಹಳೇ ಪ್ಲಾನರ್:
ಒಳ್ಳೆ ಪ್ರಶ್ನೆ. ಇಪ್ಪತ್ತು ವರ್ಷ ಟರ್ಮಿನಲ್‌ಗಳಲ್ಲಿ ಹಡಗಿನ ಪ್ಲಾನಿಂಗ್ ಮಾಡಿದವನು ನಾನು. ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಬಂದರಿಗೆ ಎರಡು ತರದ ಸರಕು ಬರುತ್ತದೆ.

ಒಂದು, ಆ ಬಂದರಿನ ಬೆನ್ನ ಹಿಂದಿರುವ ಊರು, ಕಾರ್ಖಾನೆಗಳಿಂದ ಬರುವುದು, ಅಲ್ಲಿಗೇ ಹೋಗುವುದು. ಅದು ಮನೆಯವರ ಸರಕು. ಬೈಯುತ್ತಾ ಆದರೂ ಸ್ವಲ್ಪ ದಿನ ಅಲ್ಲೇ ಇರುತ್ತದೆ. ಇನ್ನೊಂದು ಟ್ರಾನ್ಸ್‌ಶಿಪ್‌ಮೆಂಟ್. ದೊಡ್ಡ ಹಡಗಿನಿಂದ ಇಳಿಸಿ, ಯಾರ್ಡಲ್ಲಿ, ಅಂದರೆ ಕಂಟೈನರ್ ಪೇರಿಸಿಡುವ ಅಂಗಳದಲ್ಲಿ, ಎರಡು ದಿನ ಇಟ್ಟು, ಇನ್ನೊಂದು ಹಡಗಿಗೆ ಹತ್ತಿಸುವುದು. ಅದು ಬಸ್‌ಸ್ಟ್ಯಾಂಡಿನ ಪ್ರಯಾಣಿಕ. ಅವನಿಗೆ ಆ ಊರಲ್ಲಿ ಕೆಲಸವೇ ಇಲ್ಲ. ಮುಂದಿನ ಬಸ್ಸು ಬೇರೆ ಕಡೆ ಬೇಗ ಸಿಕ್ಕರೆ ನಾಳೆಯೇ ಅಲ್ಲಿಗೆ ಹೋಗುತ್ತಾನೆ.

ಸಿಂಗಾಪುರದ ಸರಕಿನಲ್ಲಿ ಬಹುಪಾಲು ಈ ಎರಡನೇ ತರದ್ದು. ಹಾಗಾಗಿ ಮೇರ್ಸ್ಕ್ ಹೊರಟಾಗ ಎಲ್ಲರೂ ಗಾಬರಿಯಾಗಿದ್ದರು, ನಿಜ. ಆದರೆ ಮೇರ್ಸ್ಕ್ ಹೋಗಿದ್ದು ಬರೀ ದರ ನೋಡಿ ಅಲ್ಲ. ಅವರಿಗೆ ಟರ್ಮಿನಲ್‌ನಲ್ಲಿ ಪಾಲು ಬೇಕಿತ್ತು, ತಮ್ಮ ಹಡಗಿಗೆ ತಮ್ಮದೇ ಧಕ್ಕೆ ಬೇಕಿತ್ತು. ತಂಜುಂಗ್ ಪೆಲೆಪಾಸ್ ಅವರಿಗೆ 30% ಪಾಲು ಕೊಟ್ಟಿತು. ಸಿಂಗಾಪುರ ಆಗ ಅದಕ್ಕೆ ಒಪ್ಪುತ್ತಿರಲಿಲ್ಲ. ಪೆಟ್ಟು ಬಿದ್ದ ಮೇಲೆ ಪಾಠ ಕಲಿತರು. 2003ರಲ್ಲಿ ಚೀನಾದ ಕಾಸ್ಕೋ ಜೊತೆ ಜಂಟಿ ಟರ್ಮಿನಲ್ ಮಾಡಿದರು, ಆಮೇಲೆ ಬೇರೆ ಲೈನುಗಳ (ಹಡಗು ಕಂಪನಿಗಳ) ಜೊತೆಗೂ. ದರದಲ್ಲೂ ರಿಯಾಯಿತಿ ಕೊಟ್ಟರು, ಇಲ್ಲ ಅನ್ನಲ್ಲ. ಉಳಿಸಿದ್ದು ಮಾತ್ರ ಬಸ್‌ಸ್ಟ್ಯಾಂಡ್ ಲೆಕ್ಕ. ಅಲ್ಲಿಂದ ಎಲ್ಲಾ ದಿಕ್ಕಿಗೂ ಹಡಗು ಸಿಗುತ್ತದೆ, ಬೇಗ ಬೇಗ ಸಿಗುತ್ತದೆ. ಒಬ್ಬ ದೊಡ್ಡ ಗಿರಾಕಿ ಹೋದರೂ ಉಳಿದವರಿಗೆ ಅದು ಬಿಟ್ಟರೆ ಅಷ್ಟು ಸಂಪರ್ಕ ಬೇರೆಲ್ಲೂ ಇರಲಿಲ್ಲ.

ಕಡಲಕಾಗೆ:
ಅಂದರೆ ದರ ಲೆಕ್ಕಕ್ಕೇ ಇಲ್ಲ ಅಂತೀರಾ ಸರ್? ಸುಮ್ನೆ ಹೇಳಬೇಡಿ. ಲೈನಿನವರು ಬಾಕ್ಸಿಗೆ (ಒಂದು ಕಂಟೈನರಿಗೆ) ಇಷ್ಟು ಅಂತ ಎಷ್ಟು ಚೌಕಾಸಿ ಮಾಡುತ್ತಾರೆ ಅಂತ ನೋಡಿದ್ದೇನೆ.

ಸೆಕೆಂಡ್ ಮೇಟ್:
ಚೌಕಾಸಿ ಮಾಡೇ ಮಾಡುತ್ತಾರೆ. ಆದರೆ ಹಡಗಿನ ಕಡೆಯಿಂದ ಒಂದು ಲೆಕ್ಕ ಹೇಳುತ್ತೇನೆ ನೋಡಿ.

ದೊಡ್ಡ ಹಡಗೊಂದು ಬರುತ್ತದೆ ಅಂದುಕೊಳ್ಳಿ. ಇಳಿಸೋದು, ಹತ್ತಿಸೋದು ಸೇರಿ 4,000 ಮೂವ್, ಅಂದರೆ ಕ್ರೇನ್ ಅಷ್ಟು ಸಲ ಬಾಕ್ಸ್ ಎತ್ತಬೇಕು. ಐದು ಕ್ರೇನ್ ಹಾಕಿದ್ದಾರೆ. ಒಂದೊಂದು ಕ್ರೇನ್ ಗಂಟೆಗೆ 25 ಬಾಕ್ಸ್ ಎತ್ತಿದರೆ 32 ಗಂಟೆ ಬೇಕು. ಅದೇ 30 ಎತ್ತಿದರೆ 26 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ. ಐದು ಗಂಟೆಗೂ ಜಾಸ್ತಿ ವ್ಯತ್ಯಾಸ.

ಆ ಐದು ಗಂಟೆಯನ್ನು ನಾವು ಸಮುದ್ರದಲ್ಲಿ ವಾಪಸ್ ದುಡಿಯಬೇಕು. ಮುಂದಿನ ಬಂದರಲ್ಲಿ ನಮಗೆ ಕೊಟ್ಟ ಬರ್ತ್ (ಧಕ್ಕೆಯಲ್ಲಿ ಹಡಗು ನಿಲ್ಲುವ ಜಾಗ) ಮತ್ತು ಸಮಯ ಕಾಯುತ್ತಿರುತ್ತದಲ್ಲ. 16 ನಾಟ್‌ನಲ್ಲಿ ಹೋಗಬೇಕಾದ ಹಡಗನ್ನು 18ಕ್ಕೆ ಏರಿಸಬೇಕು. ವೇಗ ಏರಿದ್ದು ಎಂಟನೇ ಒಂದು ಪಾಲು ಅಷ್ಟೆ. ಆದರೆ ಇಂಧನ ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ದಿನಕ್ಕೆ 40% ಜಾಸ್ತಿ ಉರಿಯುತ್ತದೆ. ಬಂದರು ಕೊಟ್ಟ ರಿಯಾಯಿತಿ ಚಿಮಣಿಯಲ್ಲಿ ಹೊಗೆಯಾಗಿ ಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಹೊರಗೆ ಲಂಗರು ಹಾಕಿ ಕಾಯೋದು. ತಡ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ನಿಧಾನವಾಗಿ ಬರಬಹುದಿತ್ತು. ಓಡಿಕೊಂಡು ಬಂದು ಕಾದರೆ ಎರಡೂ ನಷ್ಟ. ನಿಧಾನದ ಬಂದರನ್ನು ಲೈನಿನವರು ಹೇಗೋ ಸಹಿಸಿಕೊಳ್ಳುತ್ತಾರೆ, ಎಷ್ಟು ನಿಧಾನ ಅಂತ ಗೊತ್ತಾಗದ ಬಂದರನ್ನು ಸಹಿಸಲ್ಲ.

ಲಂಗರು:
ಹಾಗಾದರೆ ಕ್ರೇನಿನ ವೇಗವೇ ಮುಖ್ಯ ಆಯ್ತಲ್ವಾ? ನಮ್ಮ ಕ್ಲಾಸಿನವರು ಹೇಳಿದ್ದೇ ಸರಿ ಹಾಗಾದರೆ 🙂

ಹಳೇ ಪ್ಲಾನರ್:
ಅಲ್ಲ. ಕ್ರೇನು ತಾನು ನಿಧಾನ ಅಂತ ನಿಲ್ಲೋದು ಕಡಿಮೆ. ಕೆಳಗೆ ಟ್ರೇಲರ್ ಬಂದಿಲ್ಲ ಅಂತ ನಿಲ್ಲುತ್ತದೆ. ಟ್ರೇಲರ್ ಯಾಕೆ ಬಂದಿಲ್ಲ? ಯಾರ್ಡಲ್ಲಿ ಬೇಕಾದ ಬಾಕ್ಸ್ ಸಿಗುತ್ತಿಲ್ಲ.

ಒಂದು ರಾತ್ರಿ ಹೇಳುತ್ತೇನೆ. ಬಂದರಿನ ಹೆಸರು ಬೇಡ. ಯಾರ್ಡು ತುಂಬಿ ತುಳುಕುತ್ತಿತ್ತು. ಐದು ಎತ್ತರಕ್ಕೆ ಪೇರಿಸಿದ್ದೆವು. ಫೀಡರ್ ಹಡಗೊಂದು, ಅಂದರೆ ಸಣ್ಣ ಬಂದರುಗಳಿಗೆ ಬಾಕ್ಸ್ ಹಂಚುವ ಚಿಕ್ಕ ಹಡಗು, ಬೆಳಗ್ಗೆ ನಾಲ್ಕಕ್ಕೆ ಹೊರಡಬೇಕು. ಅದಕ್ಕೆ ಹತ್ತಬೇಕಾದ ಹನ್ನೊಂದು ಬಾಕ್ಸ್ ಒಂದೇ ಬ್ಲಾಕಲ್ಲಿ, ಎಲ್ಲಾ ತಳದಲ್ಲಿ. ಮೇಲಿರುವುದು ನಾಲ್ಕು ದಿನ ಬಿಟ್ಟು ಹೋಗಬೇಕಾದ ಬಾಕ್ಸ್‌ಗಳು. ಅದನ್ನು ಸರಿಸಲು ಪಕ್ಕದ ಸಾಲಲ್ಲಿ ಜಾಗ ಇಲ್ಲ. ಒಂದನ್ನು ತೆಗೆದು ಆಚೆ ಬ್ಲಾಕಿಗೆ ಕಳಿಸಬೇಕು, ಅದಕ್ಕೊಂದು ಟ್ರೇಲರ್. ಆ ಟ್ರೇಲರ್ ಎಲ್ಲಿಂದ ಬಂತು? ಹಡಗಿನ ಕ್ರೇನಿನ ಕೆಳಗಿಂದ ಕಿತ್ತುಕೊಂಡಿದ್ದು. ಕ್ರೇನ್ ಆಪರೇಟರ್ ರೇಡಿಯೋದಲ್ಲಿ ಬೈಯುತ್ತಿದ್ದಾನೆ. ಯಾರ್ಡ್ ಕ್ರೇನಿನವನು ನನ್ನನ್ನು ಬೈಯುತ್ತಿದ್ದಾನೆ. ನಾಲ್ಕು ಗಂಟೆಗೆ ಹನ್ನೊಂದರಲ್ಲಿ ಏಳು ಹತ್ತಿದವು. ನಾಲ್ಕು ಉಳಿದವು. ಮುಂದಿನ ಫೀಡರ್ ಒಂದು ವಾರಕ್ಕೆ.

ಆ ನಾಲ್ಕರ ಪೈಕಿ ಎರಡು ರೀಫರ್, ಅಂದರೆ ಫ್ರಿಜ್ ಇರುವ ಕಂಟೈನರ್. ಒಳಗೆ ಹಣ್ಣು. ಪ್ಲಗ್ ಇತ್ತು, ಕೆಡಲಿಲ್ಲ. ಆದರೆ ಸರಕಿನವನು ಆ ಲೈನಿಗೆ ಹೇಳಿದ್ದು ಒಂದೇ ಮಾತು, ಈ ಬಂದರಿನ ಮೇಲೆ ನನ್ನ ಮಾಲು ಕಳಿಸಬೇಡಿ ಅಂತ. ನಮ್ಮ ದರಪಟ್ಟಿ ಅವನು ಯಾವತ್ತೂ ನೋಡಿರಲಿಲ್ಲ.

ಲೆಕ್ಕ ಸುಲಭ. ಮೂರು ಎತ್ತರಕ್ಕೆ ಪೇರಿಸಿದ ಕಡೆ ಯಾವುದೋ ಒಂದು ಬಾಕ್ಸ್ ತೆಗೆಯಲು ಸರಾಸರಿ ಒಂದನ್ನು ಸರಿಸಬೇಕು. ಐದು ಎತ್ತರ ಆದರೆ ಎರಡನ್ನು. ಸರಿಸಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ. ಅದಕ್ಕೇ ಹೇಳೋದು, ತುಂಬಿದ ಯಾರ್ಡ್ ಫೋಟೋದಲ್ಲಿ ಚೆಂದ, ಒಳಗೆ ಕೆಲಸ ಮಾಡೋರಿಗೆ ನರಕ.

ಗೇಟ್ ಪಾಸ್:
ಪ್ಲಾನರ್ ಸರ್ ಕಡಲ ಕಡೆ ಹೇಳಿದರು. ನಾನು ಗೇಟಿನ ಕಡೆ ಹೇಳುತ್ತೇನೆ, ಗಿರಾಕಿಗಳ ಸರಕು ಸಾಗಿಸಿಕೊಡುವ ಫಾರ್ವರ್ಡಿಂಗ್ ಕೆಲಸ ನನ್ನದು. ಯಾರ್ಡ್ ತುಂಬೋದಕ್ಕೆ ಅರ್ಧ ಕಾರಣ ಗೇಟು. ಬಾಕ್ಸ್ ಹೊರಗೆ ಹೋಗದಿದ್ದರೆ ಒಳಗೆ ಜಾಗ ಎಲ್ಲಿಂದ ಬರಬೇಕು?

ಅಮೆರಿಕದ ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳನ್ನು ನೆನಪಿಸಿಕೊಳ್ಳಿ. 2022ರ ಜನವರಿಯಲ್ಲಿ ಹೊರಗೆ ಕಾಯುತ್ತಿದ್ದ ಹಡಗುಗಳು 109ಕ್ಕೆ ಮುಟ್ಟಿದ್ದವು. ಅಲ್ಲಿ ಕ್ರೇನಿಗೇನು ಬರವಾ? ಗೋದಾಮು ತುಂಬಿತ್ತು, ಚಾಸಿಸ್ (ಲಾರಿ ಎಳೆಯುವ, ಬಾಕ್ಸ್ ಕೂರಿಸುವ ಗಾಲಿ ಚೌಕಟ್ಟು) ಮೇಲೆ ಬಾಕ್ಸ್ ಕೂತಿತ್ತು, ಹಾಗಾಗಿ ಮುಂದಿನ ಬಾಕ್ಸಿಗೆ ಚಾಸಿಸ್ ಇಲ್ಲ. ಖಾಲಿ ಕಂಟೈನರ್ ವಾಪಸ್ ತಂದರೆ ಇಟ್ಟುಕೊಳ್ಳಲ್ಲ ಅನ್ನುತ್ತಿದ್ದರು. ಖಾಲಿ ಇಳಿಸದೆ ಚಾಸಿಸ್ ಬಿಡುಗಡೆ ಇಲ್ಲ. ಬಾಲ ಕಚ್ಚಿಕೊಂಡ ಹಾವಿನ ಕಥೆ.

ಆ ಬಂದರುಗಳು ಹಿಂದೆ ಒಳ್ಳೆ ಕೆಲಸವನ್ನೂ ಮಾಡಿವೆ, ಅದನ್ನೂ ಹೇಳಬೇಕು. 2002ರಲ್ಲಿ ಅಲಮೇಡಾ ಕಾರಿಡಾರ್ ಅಂತ 32 ಕಿಮೀ ರೈಲು ಹಾದಿ ಮಾಡಿದರು. ಸ್ವಲ್ಪ ದೂರ ನೆಲದ ಕೆಳಗೆ ಕಾಲುವೆ ತರ ತೋಡಿ, ರಸ್ತೆ ಗೇಟುಗಳ ಕಾಟವೇ ಇಲ್ಲದ ಹಾಗೆ. 2005ರಿಂದ ರಾತ್ರಿಯೂ ಗೇಟ್ ತೆರೆದು, ಹಗಲಲ್ಲಿ ಬರೋ ಲಾರಿಗೆ ಹೆಚ್ಚುವರಿ ಶುಲ್ಕ ಹಾಕಿ, ದಟ್ಟಣೆ ಹಂಚಿದರು. ಹೊಸ ಧಕ್ಕೆ ಕಟ್ಟದೆಯೇ ಇದ್ದ ಜಾಗಕ್ಕೆ ಇನ್ನೊಂದು ಪಾಳಿ ಸಿಕ್ಕಿತು.

ನನ್ನ ಗಿರಾಕಿಯೊಬ್ಬರು ಸರಕು ಬೇರೆ ಬಂದರಿಗೆ ಬದಲಿಸಿದರು. ಆ ಬಂದರು ದೂರ, ಲಾರಿ ಬಾಡಿಗೆ ಜಾಸ್ತಿ. ಯಾಕೆ ಅಂದರೆ, ಹಳೇ ಬಂದರಲ್ಲಿ ಲಾರಿ ಒಂದು ದಿನ ಎರಡು ಗಂಟೆಗೆ ಹೊರಬರುತ್ತಿತ್ತು, ಇನ್ನೊಂದು ದಿನ ಹನ್ನೊಂದು ಗಂಟೆಗೆ. ಡ್ರೈವರಿಗೆ ದಿನಕ್ಕೆ ಒಂದು ಟ್ರಿಪ್ಪಾ ಎರಡಾ ಅಂತ ಹೇಳೋಕೇ ಆಗುತ್ತಿರಲಿಲ್ಲ. ಸೆಕೆಂಡ್ ಮೇಟ್ ಹಡಗಿನ ಬಗ್ಗೆ ಹೇಳಿದ್ದೇ ಇಲ್ಲೂ.

ಖಾಲಿಡಬ್ಬ:
ಎಲ್ಲಾ ಆಟೊಮೇಷನ್ ಮಾಡಿಬಿಟ್ಟರೆ ಆಯ್ತಪ್ಪ. ಚೀನಾದಲ್ಲಿ ಮನುಷ್ಯರೇ ಇಲ್ವಂತೆ.

ಮೇಲಿನ ಕ್ಯಾಬಿನ್:
ಕ್ರೇನ್ ಆಪರೇಟರ್ ಇಲ್ಲಿದ್ದೀನಿ ಗುರು, ಇನ್ನೂ ಇದ್ದೀನಿ 🙂

ಆಟೊಮೇಷನ್ ಹೊಸದಲ್ಲ. ರೋಟರ್‌ಡ್ಯಾಮಲ್ಲಿ 1993ರಲ್ಲೇ ಡ್ರೈವರ್ ಇಲ್ಲದ ಗಾಡಿ ಓಡಿಸಿದ್ದಾರೆ. ಶಾಂಘೈನ ಯಾಂಗ್‌ಶಾನ್ ಬಂದರಿನ ಆಟೊಮೇಟೆಡ್ ನಾಲ್ಕನೇ ಹಂತ 2017ರ ಡಿಸೆಂಬರಲ್ಲಿ ಶುರುವಾಯ್ತು. ಮನುಷ್ಯರೇ ಇಲ್ಲ ಅನ್ನೋದು ಸುಳ್ಳು. ಕೋಣೆಯಲ್ಲಿ ಕೂತು ಪರದೆ ನೋಡಿ ಕ್ರೇನ್ ನಡೆಸೋರು ಇದ್ದಾರೆ. ಹಡಗಲ್ಲಿ ಬಾಕ್ಸ್ ಬಿಗಿದ ಲ್ಯಾಶಿಂಗ್ ಬಿಚ್ಚೋರು ಇದ್ದಾರೆ.

ಮೆಷಿನ್ನಿಗೆ ಸುಸ್ತಾಗಲ್ಲ, ಬೆಳಗಿನ ಜಾವ ಮೂರಕ್ಕೂ ಒಂದೇ ತರ ಕೆಲಸ. ಅದು ಅದರ ಗುಣ. ಆದರೆ ನಲವತ್ತು ಮೀಟರ್ ಮೇಲೆ ಕೂತು, ಕಾಲ ಕೆಳಗಿನ ಗಾಜಿನಿಂದ ನೋಡುವಾಗ ಗಾಳಿಗೆ ಸ್ಪ್ರೆಡರ್ (ಬಾಕ್ಸ್ ಹಿಡಿದೆತ್ತುವ ಚೌಕಟ್ಟು) ತೂಗುತ್ತಿರುತ್ತದೆ. ಹಡಗೂ ಸ್ವಲ್ಪ ಅಲ್ಲಾಡುತ್ತಿರುತ್ತದೆ. ಬಾಕ್ಸ್ ಆ ಕಡೆ ಹೋಗುವ ಮುಂಚೆಯೇ ಟ್ರಾಲಿಯನ್ನು (ಸ್ಪ್ರೆಡರ್ ನೇತಾಡುವ ಮೇಲಿನ ಗಾಡಿಯನ್ನು) ಆ ಕಡೆ ಓಡಿಸಿ ತೂಗಾಟ ಕೊಲ್ಲಬೇಕು. ಮೂಲೆಯಲ್ಲಿ ಬಾಕ್ಸಿಗೆ ಬಾಕ್ಸ್ ಬಿಗಿಯುವ ಒಂದು ಟ್ವಿಸ್ಟ್‌ಲಾಕ್ ತುಕ್ಕು ಹಿಡಿದು ಬಿಡದಿದ್ದರೆ, ಎತ್ತುವಾಗ ಮೂರು ಮೂಲೆ ಎದ್ದು ಒಂದು ಮೂಲೆ ಎಳೆಯುತ್ತದೆ. ಹಗ್ಗದ ಭಾರದಲ್ಲೇ ಕೈಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸದಿದ್ದರೆ ಕೆಳಗಿನ ಬಾಕ್ಸೂ ಜೊತೆಗೇ ಬರುತ್ತದೆ. ಒಳ್ಳೆ ಆಪರೇಟರ್ ಒಳ್ಳೆ ದಿನ ಮೆಷಿನ್ನನ್ನು ಹಿಂದೆ ಹಾಕುತ್ತಾನೆ. ಎಲ್ಲಾ ದಿನ ಒಳ್ಳೆ ದಿನ ಅಲ್ಲ, ಅದನ್ನೂ ಒಪ್ಪುತ್ತೀನಿ.

ಕೆಲಸಗಾರರ ಜೊತೆ ಜಗಳ ಇಟ್ಟುಕೊಂಡ ಬಂದರಿಗೆ ಸರಕು ಹೆದರುತ್ತದೆ. 2024ರ ಅಕ್ಟೋಬರಲ್ಲಿ ಅಮೆರಿಕದ ಪೂರ್ವ ಕರಾವಳಿ ಮೂರು ದಿನ ನಿಂತಿತ್ತು. ಸಂಬಳದ ಜೊತೆ ಆಟೊಮೇಷನ್ ಕೂಡ ಆ ಜಗಳದ ವಿಷಯವೇ. ಅದನ್ನು ಮೇಜಿನ ಮೇಲೆ ಕೂತು ಬಗೆಹರಿಸದೆ ಮೆಷಿನ್ ತಂದು ನಿಲ್ಲಿಸಿದರೆ ಏನೂ ಉಪಯೋಗ ಇಲ್ಲ.

ಕಡಲಕಾಗೆ:
ಎಲ್ಲಾ ಸರಿ, ಆದರೆ ನೀವು ಯಾರೂ ಆಳದ ಬಗ್ಗೆ ಮಾತಾಡಿಲ್ಲ. ಈಗಿನ ದೊಡ್ಡ ಹಡಗು 400 ಮೀಟರ್ ಉದ್ದ, 24,000 ಟಿಇಯು ಹೊರುತ್ತದೆ, ತುಂಬಿದಾಗ ನೀರೊಳಗೆ 16 ಮೀಟರಿಗೂ ಜಾಸ್ತಿ ಇಳಿಯುತ್ತದೆ. ಅಷ್ಟು ಆಳ ಇಲ್ಲದ ಬಂದರು ಎಷ್ಟೇ ಸಮಯಪಾಲನೆ ಮಾಡಿದರೂ ಏನು ಬಂತು? ಶಾಂಘೈ ಏನು ಮಾಡಿತು? ನದಿ ಬಾಯಲ್ಲಿ ಆಳ ಸಾಲಲ್ಲ ಅಂತ ಕಡಲ ಮಧ್ಯದ ದ್ವೀಪಕ್ಕೇ ಹೋಗಿ ಯಾಂಗ್‌ಶಾನ್ ಕಟ್ಟಿತು, 32.5 ಕಿಮೀ ಸೇತುವೆ ಹಾಕಿತು, 2005ರಲ್ಲಿ. ನ್ಯೂಯಾರ್ಕ್ ಕಡೆ ಬೇಯಾನ್ ಸೇತುವೆ ಅಡ್ಡ ಬರುತ್ತೆ ಅಂತ ರಸ್ತೆಯನ್ನೇ ಮೇಲಕ್ಕೆ ಎತ್ತಿದರು, 2017ರಲ್ಲಿ.

ಗೇಟ್ ಪಾಸ್:
ಆಳ ಪ್ರವೇಶ ಪರೀಕ್ಷೆ ಇದ್ದಂತೆ. ಪಾಸಾಗದಿದ್ದರೆ ಒಳಗೇ ಬಿಡಲ್ಲ, ಪಾಸಾದರೆ ಕೆಲಸ ಸಿಕ್ಕಿತು ಅಂತಲೂ ಅಲ್ಲ. ಹ್ಯಾಂಬರ್ಗ್ ನೋಡಿ. ಸಮುದ್ರದಿಂದ ನೂರು ಕಿಮೀಗೂ ಜಾಸ್ತಿ ಒಳಗೆ, ಎಲ್ಬೆ ನದಿ ಮೇಲೆ. ನದಿ ಆಳ ಮಾಡಲು ಹೊರಟರೆ ವರ್ಷಗಟ್ಟಲೆ ಕೋರ್ಟ್ ಕೇಸು. ಉಬ್ಬರ ನೋಡಿಕೊಂಡು ದೊಡ್ಡ ಹಡಗು ಬರಬೇಕು. ಆದರೂ ಬದುಕಿದೆ. ಯಾಕೆ? ಯುರೋಪಿನ ಅತಿ ದೊಡ್ಡ ರೈಲು ಬಂದರು ಅದು. ಹಡಗು ಅಷ್ಟು ಒಳಗೆ ಬಂತು ಅಂದರೆ ಸರಕು ಗಿರಾಕಿಗೆ ನೂರು ಕಿಮೀ ಹತ್ತಿರ ಬಂತು ಅಂತ ಅರ್ಥ.

ಹಳೇ ಪ್ಲಾನರ್:
ಕೋಬೆ ಕಥೆ ಹೇಳದಿದ್ದರೆ ಈ ಚರ್ಚೆ ಪೂರ್ತಿ ಆಗಲ್ಲ. ಜಪಾನಿನ ಕೋಬೆ 1994ರಲ್ಲಿ ಜಗತ್ತಿನ ಆರನೇ ದೊಡ್ಡ ಕಂಟೈನರ್ ಬಂದರು. ಆಳ ಇತ್ತು, ಕ್ರೇನ್ ಇತ್ತು, ಹೆಸರು ಇತ್ತು. 1995ರ ಜನವರಿ 17ರಂದು ಭೂಕಂಪ. ಧಕ್ಕೆಗಳು ವಾಲಿದವು, ಕ್ರೇನುಗಳು ಕಾಲು ಮುರಿದುಕೊಂಡವು. ಸುಮಾರು ಎರಡು ವರ್ಷದಲ್ಲಿ ಎಲ್ಲಾ ಮತ್ತೆ ಕಟ್ಟಿದರು. ಕೆಲಸ ಅದ್ಭುತ. ಆದರೆ ಟ್ರಾನ್ಸ್‌ಶಿಪ್‌ಮೆಂಟ್ ಸರಕು ಅಷ್ಟರಲ್ಲಿ ಕೊರಿಯಾದ ಬುಸಾನ್ ಕಡೆ ಹೋಗಿ, ಅಲ್ಲಿನ ದರ, ಅಲ್ಲಿನ ಫೀಡರ್ ಎಲ್ಲಕ್ಕೂ ಒಗ್ಗಿಕೊಂಡಿತ್ತು. ವಾಪಸ್ ಬರಲಿಲ್ಲ. ಮನೆಯವರ ಸರಕು ಬಂತು, ಬಸ್‌ಸ್ಟ್ಯಾಂಡಿನ ಪ್ರಯಾಣಿಕ ಬರಲಿಲ್ಲ.

ಮನೆಯವರ ಸರಕೂ ಶಾಶ್ವತ ಅಂದುಕೊಳ್ಳಬೇಡಿ ಮತ್ತೆ. ಹಾಂಗ್‌ಕಾಂಗ್ 2004ರವರೆಗೂ ಜಗತ್ತಿನ ನಂಬರ್ ಒನ್. ಕಾರ್ಖಾನೆಗಳ ಬಾಗಿಲಲ್ಲೇ ಶೆನ್ಜೆನ್ ಬಂದರುಗಳು ಎದ್ದವು. ಗಡಿ ದಾಟಿ ಲಾರಿಯಲ್ಲಿ ಹಾಂಗ್‌ಕಾಂಗಿಗೆ ತರುವ ಖರ್ಚು ಯಾಕೆ ಅಂತ ಸರಕು ಮನೆ ಹತ್ತಿರವೇ ಹಡಗು ಹತ್ತಿತು.

ಲಂಗರು:
ಸರ್, ಹಾಗಾದರೆ ಬಂದರು ಎಲ್ಲಾ ಸರಿಯಾಗಿ ಮಾಡಿದರೂ ಲೈನಿನವರು ತಮ್ಮದೇ ಟರ್ಮಿನಲ್‌ಗೆ ಹೋಗಿಬಿಟ್ಟರೆ? ಮೇರ್ಸ್ಕ್ ತರ?

ಹಳೇ ಪ್ಲಾನರ್:
ಹೋಗುತ್ತಾರೆ. ಈಗ ಅದೇ ದೊಡ್ಡ ತಲೆನೋವು. 2025ರ ಫೆಬ್ರವರಿಯಲ್ಲಿ ಮೇರ್ಸ್ಕ್ ಮತ್ತು ಹಪಾಗ್-ಲಾಯ್ಡ್ ಸೇರಿ ಜೆಮಿನಿ ಅಂತ ಕೂಟ ಶುರು ಮಾಡಿದರು. ದೊಡ್ಡ ಹಡಗು ಕೆಲವೇ ಹಬ್ ಬಂದರಿಗೆ ಬರುತ್ತದೆ, ಉಳಿದದ್ದೆಲ್ಲಾ ಚಿಕ್ಕ ಹಡಗಲ್ಲಿ. 90%ಗೂ ಮೇಲೆ ಸಮಯಕ್ಕೆ ಸರಿಯಾಗಿ ಬರುತ್ತೇವೆ ಅಂತ ಗುರಿ. ಆ ಹಬ್‌ಗಳಲ್ಲಿ ಬಹಳಷ್ಟು ಅವರ ಹಿಡಿತದಲ್ಲಿರುವವೇ. ತಂಜುಂಗ್ ಪೆಲೆಪಾಸ್ ಅದರಲ್ಲಿ ಒಂದು. 2000ದಲ್ಲಿ ಪಾಲು ತೆಗೆದುಕೊಂಡದ್ದು 25 ವರ್ಷ ಆದ ಮೇಲೂ ಕೆಲಸ ಮಾಡುತ್ತಿದೆ ನೋಡಿ.

ಗ್ರೀಸಿನ ಪಿರೇಯಸ್ ಕೂಡ ಹಾಗೇ. 2009ರಲ್ಲಿ ಕಾಸ್ಕೋ ಕೈಗೆ ಟರ್ಮಿನಲ್ ಬಂತು, ತನ್ನ ಹಡಗುಗಳನ್ನು ಅಲ್ಲಿಗೇ ತಿರುಗಿಸಿತು. ಹತ್ತು ವರ್ಷದಲ್ಲಿ 50 ಲಕ್ಷ ಟಿಇಯು ದಾಟಿತು.

ಕಡಲಕಾಗೆ:
ಅದು ಪೈಪೋಟಿ ಅಲ್ಲ, ಅಡವಿಡೋದು. ಆ ಲೈನು ಮುಳುಗಿದರೆ ಬಂದರೂ ಮುಳುಗುತ್ತೆ. ಇನ್ನೊಂದು ಲೈನು ಪ್ರತಿಸ್ಪರ್ಧಿಯ ಟರ್ಮಿನಲ್‌ಗೆ ಯಾಕೆ ಬರುತ್ತೆ?

ಹಳೇ ಪ್ಲಾನರ್:
ಆ ಮಾತು ಒಪ್ಪಿದೆ. ಅದಕ್ಕೇ ಬುದ್ಧಿವಂತ ಬಂದರು ಒಂದು ಧಕ್ಕೆಯಲ್ಲಿ ಪಾಲು ಕೊಡುತ್ತದೆ, ಪೂರ್ತಿ ಬಂದರು ಕೊಡಲ್ಲ.

ಸೆಕೆಂಡ್ ಮೇಟ್:
ಒಂದು ಸಣ್ಣ ಸೇರ್ಪಡೆ. ಬಂದರಿನ ಕೈಯಲ್ಲಿಲ್ಲದ ವಿಷಯವೂ ಸರಕು ತಿರುಗಿಸುತ್ತದೆ. 2024ರಿಂದ ಯುರೋಪ್ ಒಕ್ಕೂಟ ಹಡಗಿನ ಹೊಗೆಗೂ ದುಡ್ಡು ಕಟ್ಟಿಸಿಕೊಳ್ಳುತ್ತಿದೆ. ಪಕ್ಕದ ಮೊರಾಕೊದ ಟ್ಯಾಂಜಿಯರ್ ಮೆಡ್‌ನಲ್ಲಿ ಬಾಕ್ಸ್ ಬದಲಿಸಿ ತಪ್ಪಿಸಿಕೊಳ್ಳಬಾರದು ಅಂತ ಅದನ್ನೂ, ಈಜಿಪ್ಟಿನ ಪೂರ್ವ ಪೋರ್ಟ್ ಸೈಯ್ಯದನ್ನೂ ಹೆಸರಿಸಿ ಪಟ್ಟಿ ಮಾಡಿದ್ದಾರೆ. ಸ್ಪೇನಿನ ಆಲ್ಜೆಸಿರಾಸ್ ಕಣ್ಣೆದುರೇ ಇದೆಯಲ್ಲ, ಅವರಿಗೆ ಆ ಭಯ.

ಗೇಟ್ ಪಾಸ್:
ಲಂಗರು ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ಸಿಂಗಾಪುರ ಖಾಲಿ ಜಾಗ ಇಟ್ಟುಕೊಳ್ಳುತ್ತದೆ. ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದವು, ವೇಳಾಪಟ್ಟಿ ಎಲ್ಲಾ ಚೆಲ್ಲಾಪಿಲ್ಲಿ. 2024ರ ಮೇನಲ್ಲಿ ಸಿಂಗಾಪುರದಲ್ಲೂ ಬರ್ತಿಗೆ ಎರಡು ಮೂರು ದಿನ ಕಾಯೋ ಹಾಗಾಯಿತು. ಆಗ ಮುಚ್ಚಿದ್ದ ಕೆಪ್ಪೆಲ್ ಟರ್ಮಿನಲ್‌ನ ಹಳೇ ಬರ್ತುಗಳನ್ನು ಮತ್ತೆ ತೆರೆದರು. ಒಡೆದು ಹಾಕಿದ್ದರೆ ತೆರೆಯೋಕೆ ಏನಿರುತ್ತಿತ್ತು? 2022ರಲ್ಲಿ ಉದ್ಘಾಟನೆಯಾದ ಟುವಾಸ್ ಬಂದರು 2040ರ ದಶಕದಲ್ಲಿ ಪೂರ್ತಿ ಆದಾಗ 6.5 ಕೋಟಿ ಟಿಇಯು ಸಾಮರ್ಥ್ಯ. ಸರಕು ಬರುವ ಮುಂಚೆಯೇ ಕಟ್ಟುತ್ತಿದ್ದಾರೆ. ಲೆಕ್ಕಪತ್ರದವರಿಗೆ ಖಾಲಿ ಬರ್ತ್ ಕಂಡರೆ ಹೊಟ್ಟೆ ಉರಿಯುತ್ತದೆ. ಪ್ಲಾನರ್ ಸರ್ ಆ ರಾತ್ರಿ ನಾಲ್ಕು ಬಾಕ್ಸ್ ಬಿಟ್ಟಿದ್ದು ಅಂಥ ಖಾಲಿ ಜಾಗ ಇಲ್ಲದ್ದಕ್ಕೇ ಅಲ್ವಾ?

ಹಳೇ ಪ್ಲಾನರ್:
ಹೌದು. ಒಂದು ಖಾಲಿ ಸಾಲು ಸಾಕಿತ್ತು.

ಲಂಗರು:
ಎಲ್ಲರಿಗೂ ಥ್ಯಾಂಕ್ಸ್. ಪ್ರಬಂಧದ ತಲೆಬರಹವನ್ನೇ ಬದಲಿಸಿದ್ದೇನೆ. ಕೊನೆಯದಾಗಿ ಒಂದು. ಬಂದರು ಬಂದರು ಹೋಲಿಸಲು ನಾನು ವರ್ಷದ ಟಿಇಯು ಟೇಬಲ್ ಹಾಕಿದ್ದೇನೆ. ಅದು ಸಾಕಾ?

ಹಳೇ ಪ್ಲಾನರ್:
ಸಾಲದು. ಟ್ರಾನ್ಸ್‌ಶಿಪ್‌ಮೆಂಟ್ ಬಾಕ್ಸ್ ಒಂದೇ ಆದರೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇಳಿದಾಗ ಒಂದು, ಹತ್ತಿದಾಗ ಒಂದು. ಹಾಗಾಗಿ ಹಬ್ ಬಂದರಿನ ಸಂಖ್ಯೆ ಊದಿಕೊಂಡಿರುತ್ತದೆ. ಬಂದ ಹಡಗಿನಲ್ಲಿ ಎಷ್ಟಕ್ಕೆ ನೇರ ಬರ್ತ್ ಸಿಕ್ಕಿತು, ಲಾರಿ ಗೇಟಿಂದ ಗೇಟಿಗೆ ಎಷ್ಟು ಹೊತ್ತು, ಬಾಕ್ಸ್ ಯಾರ್ಡಲ್ಲಿ ಎಷ್ಟು ದಿನ ಕೂತಿತು, ಎಷ್ಟು ಬಾಕ್ಸಿಗೆ ಫೀಡರ್ ತಪ್ಪಿತು. ಇವು ಸಿಕ್ಕರೆ ನೋಡಿ. ಕೊನೆಯದನ್ನು ಯಾರೂ ಸುಲಭಕ್ಕೆ ಕೊಡಲ್ಲ.

ಲಂಗರು:
ಅಯ್ಯೋ, ಹಾಗಾದರೆ ನನ್ನ ಟೇಬಲ್ಲಿನ ಮೂರನೇ ಕಾಲಂ ಪೂರ್ತಿ ತಪ್ಪು. ಹ್ಯಾಂಬರ್ಗನ್ನು ತಂಜುಂಗ್ ಪೆಲೆಪಾಸ್ ಪಕ್ಕ ಇಟ್ಟು ಹೋಲಿಸಿದ್ದೆ.

ಹಳೇ ಪ್ಲಾನರ್:
ಅಳಿಸಬೇಡಿ. ಪಕ್ಕದಲ್ಲಿ ಟ್ರಾನ್ಸ್‌ಶಿಪ್‌ಮೆಂಟ್ ಪಾಲು ಎಷ್ಟು ಅಂತ ಇನ್ನೊಂದು ಕಾಲಂ ಹಾಕಿ, ಓದೋರಿಗೆ ಗೊತ್ತಾಗುತ್ತದೆ.